ಬಿ12 ಜೀವಸತ್ವವನ್ನು ಆವಿಯಾಗಿ ಸೇದುವ ಸಾಧನ: ತಾಯಿಗೆ ಕೊಡಬಹುದೇ?

ಪ್ರಶ್ನೆ:
ನನ್ನ ತಾಯಿಗೆ 64 ವರ್ಷ. ಅವರು ಸಸ್ಯಾಹಾರಿ, ಹತ್ತು ವರ್ಷಗಳಿಂದ ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಸೇವಿಸುತ್ತಿದ್ದಾರೆ. ಅಂಗಾಲು ಜುಮ್ಮೆನ್ನುತ್ತದೆ, ನಡೆಯುವಾಗ ಚಪ್ಪಲಿ ಕಳಚಿದರೂ ತಿಳಿಯುವುದಿಲ್ಲ ಎಂದಾಗ ರಕ್ತ ಪರೀಕ್ಷೆ ಮಾಡಿಸಿದೆವು. ಬಿ12 ತೀರಾ ಕಡಿಮೆ ಇದೆ. ಚುಚ್ಚುಮದ್ದೆಂದರೆ ಅವರಿಗೆ ಭಯ. ಅಮೆರಿಕದಲ್ಲಿರುವ ನನ್ನ ತಮ್ಮ ಜೀವಸತ್ವವನ್ನು ಆವಿಯಾಗಿ ಸೇದುವ, ಪೆನ್ನಿನಂತಹ ಸಾಧನವೊಂದನ್ನು ತರುತ್ತೇನೆ ಎನ್ನುತ್ತಿದ್ದಾನೆ. ದಯವಿಟ್ಟು ತಿಳಿದವರು ಹೇಳಿ.

ಉತ್ತರ 1:
ಖಂಡಿತ ಬೇಡ. ಇಂತಹ ಸಾಧನಗಳ ಬಗ್ಗೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವೇ 2021ರಲ್ಲಿ ಎಚ್ಚರಿಕೆ ನೀಡಿದೆ. ನುಂಗಿದರೆ ಹಾನಿ ಮಾಡದ ವಸ್ತು ಶ್ವಾಸಕೋಶಕ್ಕೂ ಒಗ್ಗುತ್ತದೆ ಎಂದು ಭಾವಿಸುವುದೇ ತಪ್ಪು. ಗುಳಿಗೆಯಲ್ಲೂ ಚರ್ಮದ ಕ್ರೀಮಿನಲ್ಲೂ ಬಳಸುವ ವಿಟಮಿನ್ ಇ ಅಸಿಟೇಟನ್ನು ಗಾಂಜಾದ ಸಾರವಿರುವ, ಆವಿಯಾಗಿ ಸೇದುವ (ವೇಪಿಂಗ್) ದ್ರವಗಳಿಗೆ ಬೆರೆಸಿದ್ದರಿಂದ 2019ರಲ್ಲಿ ಅಲ್ಲಿ ಶ್ವಾಸಕೋಶದ ತೀವ್ರ ಹಾನಿ ಹಬ್ಬಿತು. 2020ರ ಫೆಬ್ರವರಿ ವೇಳೆಗೆ 2,807 ಮಂದಿ ಆಸ್ಪತ್ರೆ ಸೇರಿದ್ದರು ಅಥವಾ ಮೃತಪಟ್ಟಿದ್ದರು, ಸತ್ತವರೇ 68 ಮಂದಿ. ಖನಿಜಗಳ ವಿಷಯವೂ ಹಾಗೆಯೇ: ವೆಲ್ಡಿಂಗ್ ಮಾಡುವವರು ಸತುವಿನ ಹೊಗೆ ಕುಡಿದು ಚಳಿಜ್ವರದಲ್ಲಿ ನಡುಗುವುದುಂಟು. ಅಲ್ಲದೆ ಭಾರತದ 2019ರ ಇ-ಸಿಗರೇಟ್ ನಿಷೇಧ ಕಾಯ್ದೆ ನಿಕೋಟಿನ್ ಇಲ್ಲದ ಸಾಧನಗಳಿಗೂ ಅನ್ವಯಿಸುತ್ತದೆ. ಆದ್ದರಿಂದ ತಮ್ಮನವರು ಅದನ್ನು ತರುವುದೂ ಕಾನೂನಿಗೆ ವಿರುದ್ಧ.

ಉತ್ತರ 2:
ಮೇಲಿನವರ ಮಾತಿಗೆ ಒಂದು ಸೇರ್ಪಡೆ. ಮೂಗಿಗೆ ಸಿಂಪಡಿಸುವ ಬಿ12 ಔಷಧಕ್ಕೆ ಅಮೆರಿಕದಲ್ಲಿ ಮಾನ್ಯತೆ ಇದೆ. ಅದು ಮೂಗಿನ ಒಳಪೊರೆಯಲ್ಲೇ ಹೀರಲ್ಪಡುತ್ತದೆ, ಶ್ವಾಸಕೋಶಕ್ಕೆ ಇಳಿಯಬೇಕಾಗಿಲ್ಲ. ಇವೆರಡನ್ನೂ ಒಂದೇ ಎಂದುಕೊಳ್ಳಬಾರದು. ಚುಚ್ಚುಮದ್ದಿನ ಭಯವೇ ಅಡ್ಡಿಯಾಗಿದ್ದರೆ ಗುಳಿಗೆಯ ಬಗ್ಗೆ ವೈದ್ಯರನ್ನು ಕೇಳಿ. 1,000 ಮೈಕ್ರೋಗ್ರಾಂ ಗುಳಿಗೆಯಲ್ಲಿ ಶೇ. 1ರಷ್ಟು ತಾನಾಗಿಯೇ ರಕ್ತಕ್ಕೆ ಸೇರಿದರೂ 10 ಮೈಕ್ರೋಗ್ರಾಂ ದೊರೆಯುತ್ತದೆ; ದಿನದ ಅಗತ್ಯ ಎರಡೂವರೆ ಮೈಕ್ರೋಗ್ರಾಂ ಮಾತ್ರ. ಆದರೆ ತಾಯಿಯವರ ಪಾದಗಳ ಸ್ಪರ್ಶ ಈಗಾಗಲೇ ಮಂದವಾಗಿದೆ. ನರಗಳಿಗೆ ತೊಂದರೆ ಮುಟ್ಟಿದಾಗ ವೈದ್ಯರು ಸಾಮಾನ್ಯವಾಗಿ ಚುಚ್ಚುಮದ್ದಿನಿಂದಲೇ ಆರಂಭಿಸುತ್ತಾರೆ, ಏಕೆಂದರೆ ತಡವಾದಷ್ಟೂ ನರದ ಹಾನಿ ಶಾಶ್ವತವಾಗಿ ಉಳಿಯಬಹುದು. ಮೆಟ್‌ಫಾರ್ಮಿನ್‌ನಿಂದಲೂ ಬಿ12 ಕಡಿಮೆಯಾಗಬಹುದು, ಆದರೆ ಅದನ್ನು ಮಾತ್ರ ನೀವಾಗಿಯೇ ನಿಲ್ಲಿಸಬೇಡಿ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಕೃತಜ್ಞತೆಗಳು. ಆ ಸಾಧನ ಬೇಡವೆಂದು ತಮ್ಮನಿಗೆ ತಿಳಿಸಿದ್ದೇನೆ. ಕಾಲಿನ ನರದ ಮಾತು ಕೇಳಿದ ಮೇಲೆ ಅಮ್ಮನೇ ಮೊದಲ ಚುಚ್ಚುಮದ್ದಿಗೆ ಒಪ್ಪಿದ್ದಾರೆ. ನಾಳೆ ಬೆಳಿಗ್ಗೆ ಕರೆದುಕೊಂಡು ಹೋಗುತ್ತೇನೆ.