‘ಅತಂತ್ರ’ ಅಂದ್ರೆ ಯಾರು ಅತಂತ್ರ? ಚುನಾವಣೆ ಸುದ್ದಿಯ ಒಂದು ಪದದ ಬಗ್ಗೆ

ಎಲ್ಲರಿಗೂ ನಮಸ್ಕಾರ. ಒಂದು ಪದದ ಬಗ್ಗೆ ಕೇಳೋದಿತ್ತು, ಸ್ವಲ್ಪ ಉದ್ದ ಆಗ್ಬಹುದು, ತಡ್ಕೊಳ್ಳಿ.

ಹೋದ ವಾರ ಶಿರಸಿಗೆ ಅತ್ತೆ ಮನೆಗೆ ಹೋಗಿದ್ದೆ. ಕಪಾಟಿನ ಹಲಗೆಗೆ ಹಾಸಿದ್ದ ಹಳೇ ಪೇಪರ್ ತೆಗೀತಾ ಇದ್ರು, ಅದ್ರಲ್ಲಿ ಒಂದು 2018ರ ಸೆಪ್ಟೆಂಬರಿಂದು, ನಮ್ಮ ಕಾರವಾರದ ನಗರಸಭೆ ರಿಸಲ್ಟ್ ಬಂದಾಗಿನ ಪೇಪರ್. ಅತ್ತೆ ಕನ್ನಡಕ ಏರ್ಸ್ಕೊಂಡು ಹೆಡ್ಡಿಂಗ್ ಓದಿ ಕೇಳಿದ್ರು, "ನಗರಸಭೆ ಅತಂತ್ರ ಆಯ್ದಡ, ಎಂತಾತು ತಮಾ, ಕಟ್ಟಡ ಬಿತ್ತಾ?" ನಾನು ನಕ್ಕೆ, ಆದ್ರೆ ಆಮೇಲೆ ಯೋಚ್ನೆ ಮಾಡಿದ್ರೆ ನಗೋ ವಿಷಯ ಅಲ್ಲ ಅನ್ನಿಸ್ತು. ಯಾಕಂದ್ರೆ ಅತ್ತೆಗೆ ಅತಂತ್ರ ಅಂದ್ರೆ ಒಂದೇ ಅರ್ಥ. ಮಾವ ತೀರ್ಕೊಂಡಾಗ ಅವ್ರು ಅಂದಿದ್ದು ಇನ್ನೂ ಕಿವೀಲಿದೆ, "ಯನ್ನ ಬದುಕು ಅತಂತ್ರ ಆಗೋತಲಾ ತಮಾ" ಅಂತ. ಹಿಡ್ಕೊಳ್ಳೋಕೆ ಏನೂ ಇಲ್ಲ, ನಾಳೆ ಎಂತ ಅಂತ ಗೊತ್ತಿಲ್ಲ, ಅದು ಅತಂತ್ರ. ಇಲ್ಲಿ ಕಾರವಾರದಲ್ಲೂ ಅಷ್ಟೇ, ನಾವು ಈ ಪದ ಕೇಳ್ತಾ ಬೆಳೆದಿದ್ದೇ ಸೀಬರ್ಡ್ ನಿರಾಶ್ರಿತರ ವಿಷಯದಲ್ಲಿ. ನೌಕಾನೆಲೆಗೆ ಊರು, ಗದ್ದೆ, ಕಡಲ ದಂಡೆ ಬಿಟ್ಟು ಎದ್ದು ಬಂದವರ ಬದುಕು ಅತಂತ್ರ ಅಂತ ಅದೆಷ್ಟು ಸಲ ಓದಿದೀವೋ.

ಹಂಗಿದ್ಮೇಲೆ ಯಾರಿಗೂ ಬಹುಮತ ಬರದ ನಗರಸಭೆಗೂ ಇದೇ ಪದ ಯಾಕೆ? ಗೆದ್ದು ಬಂದವರು ಏನು ಬೀದಿಗೆ ಬಿದ್ದಿರಲ್ಲ. ಉಲ್ಟಾ, ಬಹುಮತ ಬಂದ ಊರಲ್ಲಿ ಪಕ್ಷೇತರರನ್ನ ಕೇಳೋರೇ ಇಲ್ಲ, ಅತಂತ್ರ ಆದ ಊರಲ್ಲೇ ಅವ್ರಿಗೆ ಮನೆ ಬಾಗ್ಲಿಗೆ ಕಾರು ಬರೋದು, ರೆಸಾರ್ಟ್ ಊಟ ಎಲ್ಲ.

ನಮ್ಮ ಪರಿಚಯದ ರಿಟೈರ್ಡ್ ಸಂಸ್ಕೃತ ಮೇಷ್ಟ್ರಿಗೆ ಫೋನ್ ಮಾಡಿದೆ. ಅವ್ರು ಹೇಳಿದ್ದು, ತಂತ್ರ ಅಂದ್ರೆ ಮೂಲದಲ್ಲಿ ಮಗ್ಗ, ಮಗ್ಗದ ಹಾಸುನೂಲು, ಅಲ್ಲಿಂದ ವ್ಯವಸ್ಥೆ, ಹಿಡಿತ, ಅಧೀನ ಅಂತೆಲ್ಲ ಅರ್ಥ ಬೆಳೀತು. ತನ್ನ ಹಿಡಿತದಲ್ಲಿ ತಾನಿದ್ರೆ ಸ್ವತಂತ್ರ, ಬೇರೆಯವರ ಹಿಡಿತದಲ್ಲಿದ್ರೆ ಪರತಂತ್ರ, ಯಾರ ಹಿಡಿತವೂ ಇಲ್ದಿದ್ರೆ ಅತಂತ್ರ. ಸಂಸ್ಕೃತದಲ್ಲಿ ಅತಂತ್ರ ಅಂದ್ರೆ ಕಡಿವಾಣ ಇಲ್ದಿದ್ದು ಅನ್ನೋ ಅರ್ಥನೂ ಇದ್ಯಂತೆ, ವ್ಯಾಕರಣದವ್ರು ಸೂತ್ರದಲ್ಲಿರೋ ಒಂದು ಮಾತಿಗೆ ಅಲ್ಲಿ ವಿಶೇಷ ಬೆಲೆ ಇಲ್ಲ ಅನ್ನೋವಾಗ್ಲೂ ಅತಂತ್ರ ಅಂತಾರಂತೆ. ಹಂಗೆ ನೋಡಿದ್ರೆ ಪೇಪರ್‌ನೋರದ್ದು ತಪ್ಪಲ್ಲ, ಸಭೆ ಯಾವ ಪಕ್ಷದ ಹಿಡಿತದಲ್ಲೂ ಇಲ್ಲ ಅಂತ ಅರ್ಥ ಆಗುತ್ತೆ. ಇಂಗ್ಲೆಂಡಲ್ಲೂ ಊರಿನ ಕೌನ್ಸಿಲ್ ಹೀಗಾದ್ರೆ ‘ನೋ ಓವರಾಲ್ ಕಂಟ್ರೋಲ್’ ಅಂತಲೇ ಬರೀತಾರೆ, ಹತ್ತಿರ ಹತ್ತಿರ ಅದೇ ಮಾತು. ಆದ್ರೆ ಮೇಷ್ಟ್ರು ಹೇಳೋ ಅತಂತ್ರನೂ ಅತ್ತೆ ಹೇಳೋ ಅತಂತ್ರನೂ ಬೇರೆ ಬೇರೆ ಅಲ್ದಾ, ಮತ್ತೆ ಪೇಪರ್ ಓದೋರು ಮೇಷ್ಟ್ರಿಗಿಂತ ಅತ್ತೆಯಂಥವ್ರೇ ಜಾಸ್ತಿ.

ಇದ್ರಲ್ಲಿ ಇನ್ನೊಂದು ತಮಾಷೆ ನೋಡಿ, ಪಕ್ಷ ಇಲ್ದೆ ನಿಂತವರನ್ನ ಮೊದ್ಲು ಸ್ವತಂತ್ರ ಅಭ್ಯರ್ಥಿ ಅನ್ನೋದೇ ರೂಢಿ ಇತ್ತು, ಈಗ್ಲೂ ಹಿರಿಯರು ಹಂಗೇ ಅಂತಾರೆ, ಪೇಪರಲ್ಲಿ ಮಾತ್ರ ಎಲ್ಲ ಕಡೆ ಪಕ್ಷೇತರ. ಸ್ವತಂತ್ರರು ಜಾಸ್ತಿ ಗೆದ್ರೆ ಸಭೆ ಅತಂತ್ರ, ಆಮೇಲೆ ನಡೆಯೋದಕ್ಕೆ ಏನಂತಾರೆ ಅಂತ ನಾನು ಹೇಳ್ಬೇಕಾಗಿಲ್ಲ.

ಪದ ಎಷ್ಟು ಸಡಿಲ ಅಂತ ತೋರ್ಸೋಕೆ 2021ರ ಪಾಲಿಕೆ ಚುನಾವಣೆ ತಗೊಳ್ಳಿ. ನಮ್ಮಲ್ಲಿ ಮೇಯರ್ ಇಲ್ಲ ಬಿಡಿ, ಕಾರವಾರ ಶಿರಸಿ ದಾಂಡೇಲಿ ಎಲ್ಲ ನಗರಸಭೆ, ಅಧ್ಯಕ್ಷರೇ. ಮೇಯರ್ ನೋಡ್ಬೇಕಂದ್ರೆ ಘಟ್ಟ ಹತ್ತಿ ಹುಬ್ಬಳ್ಳಿಗೆ ಹೋಗ್ಬೇಕು, ಇಲ್ಲಾ ಗಡಿ ದಾಟಿ ಪಣಜಿಗೆ. ಹುಬ್ಬಳ್ಳಿ-ಧಾರವಾಡದಲ್ಲಿ 82 ವಾರ್ಡ್, ಬಿಜೆಪಿಗೆ 39, ಕಾಂಗ್ರೆಸ್ಸಿಗೆ 33, ಬಹುಮತಕ್ಕೆ 42 ಬೇಕಿತ್ತು. ಕಲಬುರಗಿಯಲ್ಲಿ 55 ವಾರ್ಡ್, ಕಾಂಗ್ರೆಸ್ 27, ಬಿಜೆಪಿ 23, ಜೆಡಿಎಸ್ 4, ಪಕ್ಷೇತರ ಒಬ್ರು. ಕಾಂಗ್ರೆಸ್ಸಿಗೆ ಒಂದೇ ಒಂದು ಕಮ್ಮಿ! ಎರಡೂ ಅತಂತ್ರ ಅನ್ನೋದಾದ್ರೆ ಎರಡ್ರದ್ದೂ ಸ್ಥಿತಿ ಒಂದೇನಾ? ಹುಬ್ಬಳ್ಳೀಲಿ ಯಾರಿಗೆ ಮೇಯರ್ ಅಂತ ಹೆಚ್ಚುಕಮ್ಮಿ ಎಲ್ರಿಗೂ ಗೊತ್ತಿತ್ತು, ಯಾಕಂದ್ರೆ ಮೇಯರ್ ಆಯ್ಕೇಲಿ ಅಲ್ಲಿನ ಸಂಸದರು, ಶಾಸಕರ ಓಟೂ ಸೇರುತ್ತೆ. ಕಲಬುರಗೀಲಿ ಒಂದೂವರೆ ವರ್ಷ ಮೇಯರ್ರೇ ಇಲ್ಲ, ಕೊನೆಗೆ 2023ರ ಮಾರ್ಚಲ್ಲಿ ಓಟು ನಡೆದು 33ಕ್ಕೆ 32, ಗೆದ್ದಿದ್ದು 23 ಸೀಟಿನ ಬಿಜೆಪಿ. ಇಲ್ಲಿ ನನ್ ಪ್ರಶ್ನೆ, ಆ 33 ಬಿದ್ದ ಮೇಲೆ ಪಾಲಿಕೆ ಇನ್ನೂ ಅತಂತ್ರವೋ, ಅಲ್ವೋ? ಒಂದು ಓಟಿನ ಮೇಲೆ ಕೂತ ಕುರ್ಚಿಗೆ ಯಾವ ಪದ?

ಕಾರವಾರದ ಕಥೆ ಇನ್ನೊಂದು ತರ. 2018ರಲ್ಲಿ 31 ವಾರ್ಡಿಗೆ ಸದಸ್ಯರು ಗೆದ್ರು, ಮೀಸಲಾತಿ ತಕರಾರು ಕೋರ್ಟ್ ಮೆಟ್ಲು ಹತ್ತಿ ಅಧ್ಯಕ್ಷರ ಆಯ್ಕೆ ಆಗೋ ಹೊತ್ತಿಗೆ 2020 ಬಂತು. ಗೆದ್ರೂ ಅಧಿಕಾರ ಇಲ್ಲ, ವಾರ್ಡಿನವ್ರು ನಲ್ಲಿ ನೀರು ಕೇಳಿದ್ರೆ ಹೇಳೋಕೆ ಉತ್ತರ ಇಲ್ಲ. ಆ ಎರಡು ವರ್ಷ ಅವ್ರು ಅತ್ತೆ ಹೇಳೋ ಅರ್ಥದಲ್ಲೇ ಅತಂತ್ರ! ಆದ್ರೆ ಅದಕ್ಕೂ ಬಹುಮತಕ್ಕೂ ಸಂಬಂಧ ಇಲ್ಲ, ಬಹುಮತ ಬಂದ ಊರಲ್ಲೂ ಅದೇ ಗತಿ ಇತ್ತು.

ಬೇರೆ ಪದ ಹುಡುಕಿದೆ. ಇಲ್ಲಿ ಮರಾಠಿ ಪೇಪರ್ ಓದೋರು ತ್ರಿಶಂಕು ಅಂತಾರೆ, ಹಿಂದೀಲೂ ಅದೇ. ನಂಗೆ ಹಿಡಿಸ್ಲಿಲ್ಲ. ತ್ರಿಶಂಕು ಪಾಪ ಒಬ್ಬನೇ ತಲೆಕೆಳಗಾಗಿ ನೇತಾಡಿದವ, ಇಲ್ಲಿ ಇಡೀ ಊರಿದೆ. ತಮಿಳಲ್ಲಿ ತೊಂಗು, ಮಲಯಾಳದಲ್ಲಿ ತೂಕ್ಕುಸಭ ಅಂತಾರೆ, ಹಂಗಾದ್ರೆ ನಮಗೆ ತೂಗುಸಭೆ ಯಾಕಾಗ್ಬಾರ್ದು? ತೂಗುಸೇತುವೆ ನಮ್ಮ ಜಿಲ್ಲೆಗೆ ಹೊಸದಲ್ಲ, ಜೋಯಿಡಾ ಕಡೆ ಶಿವಪುರದ್ದು ದಾಟಿದವ್ರಿಗೆ ಗೊತ್ತು, ಅಲ್ಲಾಡುತ್ತೆ ಆದ್ರೆ ದಾಟ್ಬಹುದು. ತೂಗು ಅಂದ್ರೆ ತಕ್ಕಡೀಲಿ ತೂಗೋದೂ ಹೌದು, ಅದೂ ಹೊಂದುತ್ತೆ. ಮಗಳು ಮಾತ್ರ ಒಪ್ಲಿಲ್ಲ, "ಅಪ್ಪಾ ಅದು ಕೇಳೋಕೆ ತೂಕಡಿಸೋ ಸಭೆ ತರ ಇದೆ" ಅಂದ್ಳು. ಅದೂ ಸುಳ್ಳಲ್ಲ.

ಆದ್ರೆ ಎಲ್ಲಕ್ಕಿಂತ ಚಂದದ ಪದ ಸಿಕ್ಕಿದ್ದು ಮೀನು ಮಾರ್ಕೆಟ್ ಹತ್ರದ ಚಾ ಅಂಗಡೀಲಿ. ಇಬ್ರು ಮಾತಾಡ್ತಿದ್ರು. "ಈ ಸಲ ಹಂಗ್ ಆಗ್ತದೆ ನೋಡಿ." "ಹೆಂಗೆ?" "ಹಂಗ್ ಮಾರಾಯ್ರೇ, ಹಂಗ್!" "ಹಂಗು ಅಲ್ದೆ ಮತ್ತೆಂತ, ಐದು ಜನರ ಹಂಗಲ್ಲಿ ಬದುಕೋದು." ಆ ಮನುಷ್ಯ ಗೊತ್ತಿದ್ದೇ ಅಂದ್ನೋ ತಪ್ಪಿ ಅಂದ್ನೋ ಗೊತ್ತಿಲ್ಲ, ನನ್ ಕೈಲಿದ್ದ ಚಾ ಆರಿ ಹೋಯ್ತು. ಬಹುಮತ ಇಲ್ಲದ ಸಭೆಗೆ ಇಂಗ್ಲಿಷಲ್ಲಿ ಅನ್ನೋ ಹಂಗ್ (hung) ಬಂದಿದ್ದು ನೇತಾಡೋದ್ರಿಂದ, ಜ್ಯೂರಿ ಒಮ್ಮತಕ್ಕೆ ಬರದಿದ್ರೆ ಹಂಗ್ ಜ್ಯೂರಿ ಅಂತಿದ್ರು. ನಮ್ಮ ಹಂಗು ಅಂದ್ರೆ ಋಣ, ದಾಕ್ಷಿಣ್ಯ, ಹಂಗಿನರಮನೆ ಅಂತೀವಲ್ಲ ಅದು. ಎರಡಕ್ಕೂ ಏನೂ ನೆಂಟಸ್ತಿಕೆ ಇಲ್ಲ, ಆದ್ರೆ ಹಂಗಿನ ಸಭೆ, ಹಂಗಿನ ಪಾಲಿಕೆ ಅಂದು ನೋಡಿ, ಅಲ್ಲಿ ನಡೆಯೋದು ಅದೇ ತಾನೆ. ನನ್ ಓಟು ಇದಕ್ಕೇ.

ಜೊತೆಗೆ ಇನ್ನೊಂದು ಸಣ್ಣದು. ಗೆಲುವು ಸೋಲು ಹತ್ತಿರ ಹತ್ತಿರ ಇದ್ರೆ ಜಿದ್ದಾಜಿದ್ದಿ ಅಂತ ಬರೀತಾರೆ. ಅರಬ್ಬಿ ಮೂಲದ ಪದ, ಮರಾಠೀಲಿ ಜಿದ್ದ್ ಅಂದ್ರೆ ಛಲ, ಒಳ್ಳೇ ಅರ್ಥ. ಕನ್ನಡಕ್ಕೆ ಬಂದು ಹಗೆ ಸೇರ್ಕೊಂಡಿದೆ, ಜಿದ್ದು ಸಾಧಿಸ್ತಾನೆ ಅಂದ್ರೆ ಹೊಗಳಿಕೆ ಅಲ್ಲ. ಹಗೆ ಇಲ್ದೆ ಬರೀ ಸಮಬಲದ ಪೈಪೋಟಿ ಇದ್ರೆ ಏನನ್ಬೇಕು? ನಮ್ ಕಡೆ ಎರಡು ಯಕ್ಷಗಾನ ಮೇಳ ಅಕ್ಕಪಕ್ಕ ರಂಗಸ್ಥಳ ಹಾಕಿ ಬೆಳಗಿನವರೆಗೆ ಕುಣಿದ್ರೆ ಜೋಡಾಟ ಅಂತೀವಿ, ಜನ ಎತ್ತ ವಾಲ್ತಾರೆ ಅನ್ನೋದೇ ಪೈಪೋಟಿ. ಚುನಾವಣೆಗೆ ಜೋಡಾಟ ಅಂದಿದ್ದು ಯಾರಾದ್ರೂ ಕೇಳಿದೀರಾ?

ಮುಖ್ಯವಾಗಿ ಬೇಕಾಗಿರೋದು ಇಷ್ಟು. ಬಹುಮತ ಇಲ್ಲದ ಸಭೆಗೆ ಅತಂತ್ರ ಅನ್ನೋದು ಕನ್ನಡ ಪತ್ರಿಕೇಲಿ ಯಾವಾಗಿಂದ ಇದೆ? ನಮ್ಮ ಜಿಲ್ಲೆ 1956ರವರೆಗೆ ಮುಂಬಯಿ ಪ್ರಾಂತ್ಯದಲ್ಲಿತ್ತು, ಆಗಿನ ಮುನ್ಸಿಪಾಲ್ಟಿ ಸುದ್ದಿಗಳಲ್ಲಿ ಏನಂತಿದ್ರು? ಮನೇಲಿ ಹಳೇ ವಾರಪತ್ರಿಕೆ ಬೈಂಡ್ ಮಾಡಿಟ್ಟವ್ರು ಇದ್ರೆ ದಯವಿಟ್ಟು ಒಮ್ಮೆ ತೆಗೆದು ನೋಡಿ, ಸಾಲು ಪೂರ್ತಿ ಬರ್ದು ಇಸವಿ ಹಾಕಿ ಕಳ್ಸಿ. ಅತ್ತೆ ಕಪಾಟಿಂದು ನಾನು ಎಲ್ಲ ನೋಡ್ದೆ, 2018ಕ್ಕಿಂತ ಹಳೇದು ಇಲಿ ತಿಂದಿದೆ.