ತಗಡಿನ ದೋಣಿಯಲ್ಲಿ ನಿಲ್ಲುವ ಮಳೆನೀರು

ಪ್ರಶ್ನೆ: ಧಾರವಾಡದ ಮಾಳಮಡ್ಡಿಯಲ್ಲಿರುವ ನಮ್ಮ ಹಂಚಿನ ಮನೆಯ ಸೂರಿನಂಚಿಗೆ ಕೂಡಿಸಿದ ತಗಡಿನ ದೋಣಿಯಲ್ಲಿ, ಮಳೆ ನಿಂತು ಒಂದು ವಾರವಾದರೂ ಎರಡು ಬೆರಳಿನಷ್ಟು ನೀರು ಹಾಗೆಯೇ ಉಳಿದಿದ್ದು, ನಿನ್ನೆ ಏಣಿ ಹತ್ತಿ ನೋಡಿದಾಗ ಕೊಳೆತ ಬೇವಿನೆಲೆಗಳ ನಡುವೆ ಸಣ್ಣ ಹುಳುಗಳು ತಲೆಕೆಳಗಾಗಿ ತೂಗಾಡುತ್ತಿದ್ದವು. ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆ. ಏನು ಮಾಡಬೇಕು, ದಯವಿಟ್ಟು ತಿಳಿಸಿರಿ.

ಉತ್ತರ: ಅವು ಸೊಳ್ಳೆಯ ಮರಿಗಳೇ. ಡೆಂಗಿ ಹರಡುವ ಈಡಿಸ್ ಸೊಳ್ಳೆಯು ಮೊಟ್ಟೆಯಿಂದ ಹಾರುವ ಹಂತಕ್ಕೆ ಬರಲು ಸುಮಾರು 7ರಿಂದ 10 ದಿನ ಸಾಕಾದ್ದರಿಂದ, ಇಂದೇ ನೀರು ಚೆಲ್ಲಿರಿ. ನೀರಿನಂಚಿಗೆ ಅಂಟಿದ ಅದರ ಮೊಟ್ಟೆಗಳು ಒಣಗಿದರೂ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತವೆ. ಆದ್ದರಿಂದ ದೋಣಿಯ ಒಳಮೈಯನ್ನು ಬ್ರಷ್‌ನಿಂದ ತಿಕ್ಕಲೇಬೇಕು.

ಉತ್ತರ: ಮಾನ್ಯರೇ, ಎಲೆ ತೆಗೆದ ಮೇಲೂ ನೀರು ನಿಂತರೆ ಅದು ಇಳಿಜಾರಿನ ದೋಷ. ಇಳಿಕೊಳವೆಯ ಕಡೆಗೆ 10 ಅಡಿಗೆ ಕಾಲು ಇಂಚಿನಷ್ಟಾದರೂ ಇಳಿಜಾರು ಇರಬೇಕು. ನಮ್ಮ ಮನೆಯಲ್ಲಿ ಜೋತುಬಿದ್ದಿದ್ದ ಒಂದೇ ಕೊಕ್ಕೆಯನ್ನು ಎತ್ತಿ ಬಿಗಿಸಿದೊಡನೆ ನೀರು ಹರಿದುಹೋಯಿತು.