ಸಹಾಯ ಬೇಕು: ಪೈಇನ್‌ಸ್ಟಾಲರ್‌ನಲ್ಲಿ ಸೇರಿಸಿದ ಪದಪಟ್ಟಿಗೆ ಹೊಸ ಪದ ಹಾಕಿದರೆ ಉಳಿಯುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ಪೈಥಾನ್‌ನಲ್ಲಿ ಕನ್ನಡ ಕಾಗುಣಿತ ನೋಡುವ ಸಣ್ಣ ಪ್ರೋಗ್ರಾಂ ಬರೆದಿದ್ದೇನೆ. ಫಾಂಟು, ಐಕಾನು, ಪದಪಟ್ಟಿ ಎಲ್ಲವನ್ನೂ ಆ್ಯಡ್-ಡೇಟಾ (ಜೊತೆಗೆ ಬೇಕಾದ ಫೈಲುಗಳನ್ನು ಸೇರಿಸುವ ಆಯ್ಕೆ) ಕೊಟ್ಟು, ಪೈಥಾನ್ ಪ್ರೋಗ್ರಾಂ ಅನ್ನು ನೇರವಾಗಿ ಓಡುವ ಫೈಲಾಗಿ ಕಟ್ಟುವ ಪೈಇನ್‌ಸ್ಟಾಲರ್‌ನ ಒನ್‌ಫೈಲ್‌ನಲ್ಲಿ (ಎಲ್ಲವನ್ನೂ ಒಂದೇ ಫೈಲಾಗಿ ಕಟ್ಟುವ ಬಗೆ) ಸೇರಿಸಿದೆ. ಓದೋದಕ್ಕೆ ತೊಂದರೆ ಇಲ್ಲ, ಸಿಸ್ ಮಾಡ್ಯೂಲಿನ ಮೀಪಾಸ್ (ಸೇರಿಸಿದ ಫೈಲುಗಳು ಬಿಚ್ಚಿಕೊಳ್ಳುವ ಫೋಲ್ಡರಿನ ವಿಳಾಸ) ದಾರಿ ಹಿಡಿದರೆ ಸಿಗುತ್ತದೆ. ಆದರೆ ಬಳಸುವವರು ಹೊಸ ಪದ ಸೇರಿಸಿ, ಮುಚ್ಚಿ ಮತ್ತೆ ತೆರೆದರೆ ಆ ಪದ ಮಾಯ! ಒನ್‌ಫೈಲ್ ಪ್ರತಿ ಸಲ ಟೆಂಪ್ ಫೋಲ್ಡರಿನಲ್ಲಿ ಬಿಚ್ಚಿಕೊಂಡು ಮುಚ್ಚುವಾಗ ಅದನ್ನು ಅಳಿಸುತ್ತದೆ, ಹಾಗಾಗಿ ಇದು ಆಗೋದೇ ಅಲ್ವಾ. ಮೊದಲ ಸಲ ತೆರೆದಾಗ ಪಟ್ಟಿಯನ್ನು ವಿಂಡೋಸಿನ ಆ್ಯಪ್‌ಡೇಟಾಗೆ (ಪ್ರೋಗ್ರಾಂಗಳು ತಮ್ಮ ಡೇಟಾ ಇಡುವ ಫೋಲ್ಡರ್) ಕಾಪಿ ಮಾಡಿ ಅಲ್ಲಿಂದ ಬಳಸೋಣ ಅಂತಿದ್ದೇನೆ. ಆದರೆ ಮುಂದಿನ ಆವೃತ್ತಿಯಲ್ಲಿ ನಾನೇ ಇನ್ನಷ್ಟು ಪದ ಹಾಕಿದರೆ, ಅವರು ಸೇರಿಸಿದ್ದು ಹೋಗದ ಹಾಗೆ ಎರಡನ್ನೂ ಕೂಡಿಸೋದು ಹೇಗೆ? ನನ್ನದು ಒಳಗೆ, ಅವರದ್ದು ಹೊರಗೆ ಅಂತ ಎರಡು ಫೈಲ್ ಇಡೋದೇ ಒಳ್ಳೆಯದಾ? ಮಾಡಿ ನೋಡಿದವರು ಹೇಳಿ, ಸುಮ್ನೆ ‘ಡೇಟಾಬೇಸ್ ಹಾಕಿ’ ಅನ್ನಬೇಡಿ :)